ಬ್ರಹ್ಮಕಮಲದ ಗಿಡ ಯಾಕೆ ಹೀಗೆ ಬೆಳೆಯುತ್ತದೆ?



ಊರಿನಲ್ಲಿ ಬ್ರಹ್ಮಕಮಲ ಅರಳುವ ರಾತ್ರಿ ಎಂದರೆ ಪುಟ್ಟ ಹಬ್ಬವೇ ಸರಿ. ಅಕ್ಕಪಕ್ಕದವರನ್ನು ಕರೆಯುತ್ತಾರೆ, ಆರತಿ ಎತ್ತುತ್ತಾರೆ, ಫೋಟೋ ತೆಗೆದು ನಮಗೂ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅದನ್ನು ನೋಡಿದ ಮೇಲೆ ಇಲ್ಲಿ ಜರ್ಮನಿಯಲ್ಲೂ ಒಂದು ಗಿಡ ಬೆಳೆಸೋಣ ಅನ್ನಿಸುವುದು ಸಹಜ. ಆದರೆ ಗಿಡ ಮನೆಗೆ ಬಂದ ಮೇಲೆ ಗೊಂದಲ ಶುರುವಾಗುತ್ತದೆ. ಒಂದು ಕೊಂಬೆ ಎಲೆಯಂತೆ ಚಪ್ಪಟೆ, ಇನ್ನೊಂದು ಕೋಲಿನಂತೆ ದುಂಡು, ಮತ್ತೊಂದು ಜೋತುಬಿದ್ದಿದೆ. ಗಿಡ ಕೆಟ್ಟುಹೋಯಿತೆಂದು ಕತ್ತರಿ ಹಿಡಿಯಬೇಡಿ! ಹೂ ಕೊಡಬೇಕಾದ ಕೊಂಬೆಯನ್ನೇ ಕತ್ತರಿಸಿದರೆ ಮತ್ತೆ ಒಂದೆರಡು ವರ್ಷ ಕಾಯಬೇಕಾದೀತು.

ಹೆಸರು ಒಂದು, ಗಿಡ ಎರಡು

ನಾವು ಬ್ರಹ್ಮಕಮಲ ಎಂದು ಕರೆಯುವ ಈ ಗಿಡದ ವೈಜ್ಞಾನಿಕ ಹೆಸರು ಎಪಿಫಿಲ್ಲಮ್ ಆಕ್ಸಿಪೆಟಾಲಮ್. ಇದು ಕಳ್ಳಿಯ ಜಾತಿ. ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳು. ಹಿಮಾಲಯದ ಎತ್ತರದಲ್ಲಿ ಅರಳುವ, ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲ ಬೇರೆಯೇ ಗಿಡ. ಅದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು.

ಎಲೆಯಲ್ಲ, ಕಾಂಡ

ಮಕ್ಕಳೇ, ಗ್ರೀಕ್ ಭಾಷೆಯಲ್ಲಿ ‘ಎಪಿ’ ಎಂದರೆ ಮೇಲೆ, ‘ಫಿಲ್ಲಾನ್’ ಎಂದರೆ ಎಲೆ. ಹೂವು ಎಲೆಯ ಮೇಲೆ ಹುಟ್ಟಿದಂತೆ ಕಾಣುವುದರಿಂದ ಈ ಹೆಸರು. ಜರ್ಮನ್ನರೂ ಈ ಬಗೆಯ ಗಿಡಗಳನ್ನು ‘ಬ್ಲಾಟ್‌ಕಾಕ್ಟುಸ್’, ಅಂದರೆ ಎಲೆಕಳ್ಳಿ ಎನ್ನುತ್ತಾರೆ. ಆದರೆ ನಾವು ಎಲೆ ಅಂದುಕೊಳ್ಳುವುದು ನಿಜಕ್ಕೂ ಚಪ್ಪಟೆಯಾದ ಕಾಂಡ. ಎಲೆ ಮಾಡಬೇಕಾದ ಅಡುಗೆ ಕೆಲಸವನ್ನು ಇಲ್ಲಿ ಕಾಂಡವೇ ಮಾಡುತ್ತದೆ. ಅದರ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳಿವೆ, ನೋಡಿ. ಪ್ರತಿ ಕಚ್ಚಿನಲ್ಲೂ ಕಬ್ಬಿನ ಗೆಣ್ಣಿನಲ್ಲಿ ಇರುವಂತೆ ಒಂದು ‘ಕಣ್ಣು’ ಇರುತ್ತದೆ. ಹೊಸ ಕೊಂಬೆ ಬರುವುದೂ ಮೊಗ್ಗು ಬರುವುದೂ ಈ ಕಣ್ಣಿನಿಂದಲೇ.

ಮರದ ಮೇಲಿನ ಬಾಳು

ಕಳ್ಳಿ ಎಂದರೆ ಮರಳುಗಾಡು ನೆನಪಾಗುತ್ತದೆ. ಈ ಕಳ್ಳಿ ಮಾತ್ರ ಮಳೆಕಾಡಿನ ಮರಗಳ ಕವಲುಗಳಲ್ಲಿ ಬೆಳೆಯುತ್ತದೆ. ಮಲೆನಾಡಿನ ಮರಗಳ ಮೇಲೆ ಸೀತಾಳೆ ಹೂವಿನ ಗಿಡ ಕೂತಿರುತ್ತದಲ್ಲ, ಹಾಗೆ. ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ಬರೀ ಆಸರೆ ಪಡೆಯುತ್ತದೆ. ಈ ಬಾಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಗಿಡದ ವಿಚಿತ್ರ ಆಕಾರಗಳೆಲ್ಲ ಅರ್ಥವಾಗುತ್ತವೆ.

ಬುಡದಿಂದ ಚಾಟಿಯಂತೆ ಏಳುವ ಉದ್ದನೆಯ ದುಂಡು ಕೋಲು ಬೆಳಕನ್ನು ಹುಡುಕಿ ಮೇಲೇರುವ ಕಾಂಡ. ಅದು ಎರಡು ಮೀಟರಿಗಿಂತ ಉದ್ದವಾದರೂ ಆಶ್ಚರ್ಯವಿಲ್ಲ. ಆಮೇಲೆ ಅದರ ಬದಿಗಳಿಂದ ಚಪ್ಪಟೆ ಕೊಂಬೆಗಳು ಒಡೆಯುತ್ತವೆ. ಹೂ ಬಿಡುವುದು ಹೆಚ್ಚಾಗಿ ಆ ಚಪ್ಪಟೆ ಕೊಂಬೆಗಳಲ್ಲಿ. ಹಾಗಾಗಿ ಕೋಲನ್ನು ಕತ್ತರಿಸದೆ ಒಂದು ಊರುಗೋಲಿಗೆ ಕಟ್ಟಿ. ಕಾಂಡದಿಂದ ಗಾಳಿಯಲ್ಲಿ ಇಳಿಬೀಳುವ ಬೇರುಗಳೂ ರೋಗವಲ್ಲ. ಅವು ಮರದ ತೊಗಟೆಯನ್ನು ಹಿಡಿದುಕೊಳ್ಳಲು ಇರುವ ಕೈಗಳು.

ಬೀಜದಿಂದ ಹುಟ್ಟಿದ ಸಸಿಯದು ಇನ್ನೊಂದು ಸೋಜಿಗ. ಮೊದಮೊದಲು ಅದು ಸಣ್ಣ ಮುಳ್ಳುಗೂದಲಿನ ಮಾಮೂಲಿ ಕಳ್ಳಿಯಂತೆಯೇ ಇರುತ್ತದೆ. ಬೆಳೆಯುತ್ತಾ ಚಪ್ಪಟೆಯಾಗಿ ಮುಳ್ಳು ಕಳೆದುಕೊಳ್ಳುತ್ತದೆ. ಇದರ ಬಂಧುಗಳಲ್ಲೂ ವೈವಿಧ್ಯ ಬಹಳ. ಒಂದರ ಕಾಂಡ ಮೀನಿನ ಮುಳ್ಳಿನಂತೆ ಅಂಕುಡೊಂಕು, ಇನ್ನೊಂದರದು ಗುಂಗುರು ಕೂದಲಿನಂತೆ ಸುರುಳಿ. ಅಂಗಡಿಯಲ್ಲಿ ಸಿಗುವ ಕೆಂಪು, ಗುಲಾಬಿ ಹೂವಿನ ಮಿಶ್ರತಳಿಗಳು ಹಗಲಲ್ಲೇ ಅರಳಿ ಕೆಲವು ದಿನ ಉಳಿಯುತ್ತವೆ. ಕೊಳ್ಳುವ ಮುಂಚೆ ಹೂವಿನ ಬಣ್ಣ ಕೇಳಿ. ನಮ್ಮ ಬ್ರಹ್ಮಕಮಲ ಬಿಳಿ, ರಾತ್ರಿ ಮಾತ್ರ ಅರಳುವಂಥದ್ದು.

ಜರ್ಮನಿಯ ಚಳಿಯಲ್ಲಿ

ಡಿಸೆಂಬರಿನಲ್ಲಿ ಇಲ್ಲಿ ಹಗಲು ಸುಮಾರು 8 ಗಂಟೆ ಮಾತ್ರ. ಬಿಸಿ ಕೋಣೆಯಲ್ಲಿ, ಕಡಿಮೆ ಬೆಳಕಿನಲ್ಲಿ ಬೆಳೆದ ಕೊಂಬೆ ಪೇಲವವಾಗಿ ದಾರದಂತೆ ಎಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ 10ರಿಂದ 15 ಡಿಗ್ರಿ ಇರುವ ಬೆಳಕಿನ ಜಾಗದಲ್ಲಿಟ್ಟು ನೀರು ಕಡಿಮೆ ಮಾಡಿ. ಮೇ ಮಧ್ಯದ ‘ಐಸ್‌ಹೈಲಿಗೆ’ ದಿನಗಳು ಕಳೆದ ಮೇಲೆ ಬಾಲ್ಕನಿಯ ನೆರಳಿಗೆ ಒಯ್ಯಬಹುದು. ನೇರ ಬಿಸಿಲು ಹೆಚ್ಚಾದರೆ ಕಾಂಡ ಹಳದಿಯಾಗುತ್ತದೆ, ಕೆಂಪಾಗುತ್ತದೆ. ಮೊಗ್ಗು ಕಂಡ ಮೇಲೆ ಕುಂಡವನ್ನು ಅತ್ತಿತ್ತ ಕದಲಿಸಬೇಡಿ, ಮೊಗ್ಗು ಉದುರಬಹುದು.

ಸೂಟ್‌ಕೇಸಿನಲ್ಲಿ ಬೇಡ

ಅಜ್ಜಿಯ ಮನೆಯ ಗಿಡದಿಂದಲೇ ಒಂದು ತುಂಡು ತರಬೇಕೆಂಬ ಆಸೆ ಹಲವರಿಗೆ. ಆದರೆ 2019ರ ಡಿಸೆಂಬರ್ 14ರಿಂದ ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಜೀವಂತ ಗಿಡ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಕಡ್ಡಾಯ. ಊರಿನ ಗಿಡದ ಜೊತೆ ಊರಿನ ಹುಳವೂ ರೋಗವೂ ಬರಬಾರದೆಂಬುದು ಇದರ ಉದ್ದೇಶ. ಇಲ್ಲೇ ಗಿಡ ಬೆಳೆಸಿರುವವರನ್ನು ಕೇಳಿ. 15-20 ಸೆಂಟಿಮೀಟರ್ ಉದ್ದದ ಒಂದು ಚಪ್ಪಟೆ ತುಂಡು ಸಾಕು. ಒಂದು ವಾರ ನೆರಳಲ್ಲಿ ಒಣಗಿಸಿ, ಬುಡ ಯಾವುದು ತುದಿ ಯಾವುದು ನೋಡಿಕೊಂಡು, ತೊಗಟೆಚೂರು ಬೆರೆಸಿದ ಸಡಿಲ ಮಣ್ಣಿನಲ್ಲಿ ನೆಡಿ. ಕುಂಡ ಚಿಕ್ಕದಿರಲಿ.

ಮಕ್ಕಳಿಗೆ ಈ ತಿಂಗಳ ಕೆಲಸ

ಮನೆಯಲ್ಲಿ ಈ ಗಿಡವಿದ್ದರೆ ಒಂದು ಹೊಸ ಚಿಗುರನ್ನು ಆರಿಸಿ, ಪ್ರತಿ ಭಾನುವಾರ ಅಳತೆ ತೆಗೆದು ಕನ್ನಡದಲ್ಲೇ ಬರೆದಿಡಿ. ಅದು ದುಂಡಗಿದೆಯೇ, ಚಪ್ಪಟೆಯೇ, ಮೂರು ಮೂಲೆಯೇ? ಚಿತ್ರವನ್ನೂ ಬಿಡಿಸಿ. ಗಿಡವಿಲ್ಲದವರು ಅಜ್ಜಿಗೋ ತಾತನಿಗೋ ಫೋನ್ ಮಾಡಿ, ಅವರ ಬೀದಿಯಲ್ಲಿ ಬ್ರಹ್ಮಕಮಲ ಯಾರ ಮನೆಯಲ್ಲಿದೆ, ಎಷ್ಟು ಹೂ ಬಿಟ್ಟಿತ್ತು ಎಂದು ಕೇಳಿ ಬರೆಯಿರಿ.

ಪೋಷಕರಲ್ಲಿ ಒಂದು ವಿನಂತಿ. ಜೋತುಬಿದ್ದ ಮೊಗ್ಗು ಕತ್ತು ಬಗ್ಗಿಸಿ ಮೇಲಕ್ಕೆ ನೋಡತೊಡಗಿ, ಚೆನ್ನಾಗಿ ಉಬ್ಬಿತೆಂದರೆ ಹೂ ಅರಳುವ ಹೊತ್ತು ಹತ್ತಿರವಾಯಿತು ಎಂದರ್ಥ. ಕತ್ತಲಾದ ಮೇಲೆ ಬಿರಿದು ಬೆಳಗಾಗುವಷ್ಟರಲ್ಲಿ ಬಾಡಿಬಿಡುವ ಹೂವದು. ಮರುದಿನ ಶಾಲೆಯಿದ್ದರೂ ಅಂದು ಒಂದು ರಾತ್ರಿ ಮಕ್ಕಳು ತಡವಾಗಿ ಮಲಗಲಿ.