ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ: ಅಂತರ್ಜಾಲದ ಮೂಲಕ ನಿವಾಸಿಗಳ ಅಭಿಪ್ರಾಯ ಸಂಗ್ರಹಣೆ

1. ಪೀಠಿಕೆ

ಗ್ರಾಮದ ಸಂತೆ ಎಲ್ಲಿ ನಡೆಯಬೇಕು, ಒಕ್ಕಣೆ ಕಣ ಯಾವ ಬಡಾವಣೆಗೆ ಮೊದಲು ಬೇಕು, ಹಾಲು ಸಾಗಿಸುವ ದಾರಿಯನ್ನು ಈ ವರ್ಷ ಸರಿಪಡಿಸಬೇಕೇ ಅಥವಾ ಕೆರೆಯ ಕಾಲುವೆಯನ್ನೇ ಎಂಬಂತಹ ಪ್ರಶ್ನೆಗಳು ಸ್ಥಳೀಯ ಆರ್ಥಿಕ ಯೋಜನೆಯ ತಿರುಳಾಗಿವೆ. ಇವುಗಳಿಗೆ ಉತ್ತರವನ್ನು ಬಲ್ಲವರು ಅಲ್ಲಿಯ ನಿವಾಸಿಗಳೇ ಆಗಿರುತ್ತಾರೆ. ಕರ್ನಾಟಕದಲ್ಲಿರುವ 5,900ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳು ಪ್ರತಿ ವರ್ಷ ತಮ್ಮ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕಾಗಿರುತ್ತದೆ. ಈ ಕಾರ್ಯಕ್ಕೆ ರಾಜ್ಯದಲ್ಲಿ "ನಮ್ಮ ಗ್ರಾಮ ನಮ್ಮ ಯೋಜನೆ" ಎಂಬ ಹೆಸರು ರೂಢಿಯಲ್ಲಿದೆ.

ಹಿಂದೆ ನಿವಾಸಿಗಳ ಅಭಿಪ್ರಾಯವನ್ನು ಸಭೆಗಳಲ್ಲಿ ಮಾತ್ರ ಪಡೆಯಲಾಗುತ್ತಿತ್ತು. ಈಗ ಅಂತರ್ಜಾಲ ಹಾಗೂ ಮೊಬೈಲ್ ದೂರವಾಣಿಯ ಮೂಲಕವೂ ಸಲಹೆ ನೀಡಲು ಅವಕಾಶವಿದೆ. ಈ ಅವಕಾಶವನ್ನು ಬಳಸಿಕೊಳ್ಳುವ ಬಗೆ, ನೀಡಿದ ಸಲಹೆಯು ಸಾಗುವ ಹಾದಿ ಹಾಗೂ ಈ ವಿಧಾನದ ಮಿತಿಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಕಾನೂನಿನ ಆಧಾರ

ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಇದರ ಮೂಲಕ ಸೇರಿಸಲಾದ 243ಜಿ ಅನುಚ್ಛೇದವು ಪಂಚಾಯತಿಗಳಿಗೆ "ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯ"ಕ್ಕಾಗಿ ಯೋಜನೆ ತಯಾರಿಸುವ ಹೊಣೆಯನ್ನು ವಹಿಸಲು ಅವಕಾಶ ಕಲ್ಪಿಸುತ್ತದೆ. ಕೃಷಿ, ಸಣ್ಣ ನೀರಾವರಿ, ಪಶುಸಂಗೋಪನೆ, ಗುಡಿ ಕೈಗಾರಿಕೆ, ಮಾರುಕಟ್ಟೆ ಹಾಗೂ ಸಂತೆಗಳು ಸೇರಿದಂತೆ 29 ವಿಷಯಗಳನ್ನು ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಟ್ಟಿ ಮಾಡಲಾಗಿದೆ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 309ನೇ ಪ್ರಕರಣವು ವಾರ್ಷಿಕ ಅಭಿವೃದ್ಧಿ ಯೋಜನೆಯ ತಯಾರಿಕೆಗೆ ಸಂಬಂಧಿಸಿದೆ. 310ನೇ ಪ್ರಕರಣವು ಜಿಲ್ಲಾ ಯೋಜನಾ ಸಮಿತಿಗೆ ಸಂಬಂಧಿಸಿದೆ. ಗ್ರಾಮ ಹಾಗೂ ಪಟ್ಟಣಗಳ ಯೋಜನೆಗಳನ್ನು ಒಟ್ಟುಗೂಡಿಸಿ ಜಿಲ್ಲೆಯ ಕರಡು ಯೋಜನೆಯನ್ನು ರೂಪಿಸುವುದು ಈ ಸಮಿತಿಯ ಕಾರ್ಯವಾಗಿದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಕಾನೂನಿನ ಪ್ರಕಾರ ಜನರ ಅಭಿಪ್ರಾಯವನ್ನು ನಿರ್ಣಯವಾಗಿ ಪರಿವರ್ತಿಸುವ ಸ್ಥಳ ಸಭೆಯೇ ಆಗಿದೆ. ಜನವಸತಿ ಸಭೆ, ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳೇ ಬೇಡಿಕೆಗಳನ್ನು ಚರ್ಚಿಸಿ ಆದ್ಯತೆಯನ್ನು ನಿಗದಿಪಡಿಸುತ್ತವೆ. ಅಂತರ್ಜಾಲದಲ್ಲಿ ಸಲ್ಲಿಸಿದ ಸಲಹೆಯು ಈ ಸಭೆಗಳಿಗೆ ಪೂರಕವೇ ಹೊರತು ಅವುಗಳಿಗೆ ಬದಲಿಯಲ್ಲ.

3. ಲಭ್ಯವಿರುವ ಅಂತರ್ಜಾಲ ಸಾಧನಗಳು

ಅ) ಇ-ಗ್ರಾಮ್‌ಸ್ವರಾಜ್: ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಈ ಜಾಲತಾಣವನ್ನು 2020ರ ಏಪ್ರಿಲ್ 24ರಂದು ಲೋಕಾರ್ಪಣೆ ಮಾಡಲಾಯಿತು. ಪಂಚಾಯಿತಿಯ ಅನುಮೋದಿತ ಯೋಜನೆಯನ್ನು ಇದರಲ್ಲಿ ಅಳವಡಿಸಲಾಗುತ್ತದೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಹಾಗೂ ಆರ್ಥಿಕ ವರ್ಷವನ್ನು ಆಯ್ಕೆ ಮಾಡಿಕೊಂಡು ಯಾವುದೇ ನಾಗರಿಕರು ಯೋಜನೆಯನ್ನು ವೀಕ್ಷಿಸಬಹುದು.

ಆ) ಮೇರಿ ಪಂಚಾಯತ್: ಇದು ಅದೇ ಸಚಿವಾಲಯದ ಮೊಬೈಲ್ ಆ್ಯಪ್. ಪಂಚಾಯಿತಿಯ ಪ್ರತಿನಿಧಿಗಳು, ಕಾಮಗಾರಿಗಳು ಹಾಗೂ ವೆಚ್ಚದ ವಿವರಗಳನ್ನು ನೋಡುವುದರ ಜೊತೆಗೆ, ಅಭಿವೃದ್ಧಿ ಯೋಜನೆಗೆ ಹೊಸ ಕಾಮಗಾರಿಗಳನ್ನು ಸೂಚಿಸಲು ಹಾಗೂ ಪೂರ್ಣಗೊಂಡ ಕಾಮಗಾರಿಗಳ ಬಗ್ಗೆ ಅಭಿಪ್ರಾಯ ದಾಖಲಿಸಲು ಇದರಲ್ಲಿ ಅವಕಾಶ ಕಲ್ಪಿಸಲಾಗಿದೆ.

ಇ) ಜನರ ಯೋಜನಾ ಅಭಿಯಾನ: 2018ರ ಅಕ್ಟೋಬರ್ 2ರಂದು ದೇಶಾದ್ಯಂತ ಮೊದಲ ಬಾರಿಗೆ ಆರಂಭವಾದ ಈ ಅಭಿಯಾನದ ಅಂಗವಾಗಿ ಮುಂದಿನ ಆರ್ಥಿಕ ವರ್ಷದ ಯೋಜನೆಗಾಗಿ ವಿಶೇಷ ಗ್ರಾಮ ಸಭೆಗಳನ್ನು ಏರ್ಪಡಿಸಲಾಗುತ್ತದೆ. ಸಲಹೆ ನೀಡಬಯಸುವವರು ಈ ಸಭೆಗಳಿಗೆ ಮುಂಚಿತವಾಗಿಯೇ ಸಲ್ಲಿಸುವುದು ಸೂಕ್ತ.

ಸ್ವಂತ ಮೊಬೈಲ್ ಅಥವಾ ಗಣಕಯಂತ್ರ ಇಲ್ಲದವರು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ, ಗಣಕಯಂತ್ರ ಸೌಲಭ್ಯ ಇರುವ ಕಡೆ, ಗ್ರಂಥಾಲಯ ಮೇಲ್ವಿಚಾರಕರ ನೆರವು ಪಡೆಯಬಹುದು.

4. ಸೇವಾ ಅರ್ಜಿಗೂ ಯೋಜನಾ ಸಲಹೆಗೂ ಇರುವ ವ್ಯತ್ಯಾಸ

ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ಅನೇಕ ಸಲಹೆಗಳು ವ್ಯರ್ಥವಾಗುತ್ತವೆ. ಮನೆಯ ನಮೂನೆ 9 ಮತ್ತು 11, ನಳದ ಸಂಪರ್ಕ, ಬೀದಿದೀಪದ ದುರಸ್ತಿ ಮುಂತಾದವು ವ್ಯಕ್ತಿಗೆ ಅಥವಾ ಮನೆಗೆ ಸಂಬಂಧಿಸಿದ ಸೇವೆಗಳು ಅಥವಾ ದೂರುಗಳು. ಇವುಗಳನ್ನು ಸಂಬಂಧಿಸಿದ ಸೇವಾ ಕೇಂದ್ರದಲ್ಲಿ ಸಲ್ಲಿಸಬೇಕು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ ಅಧಿಸೂಚಿಸಲಾದ ಸೇವೆಯಾಗಿದ್ದಲ್ಲಿ ನಿಗದಿತ ಕಾಲಮಿತಿಯೊಳಗೆ ವಿಲೇವಾರಿ ಪಡೆಯುವುದು ಅರ್ಜಿದಾರರ ಹಕ್ಕಾಗಿರುತ್ತದೆ.

ಯೋಜನಾ ಸಲಹೆಯು ಗ್ರಾಮದ ಸಾಮೂಹಿಕ ಅಗತ್ಯಕ್ಕೆ ಸಂಬಂಧಿಸಿದ್ದು, ಅದಕ್ಕೆ ಸಕಾಲದ ಕಾಲಮಿತಿ ಅನ್ವಯಿಸುವುದಿಲ್ಲ. ಅದನ್ನು ಇತರ ಬೇಡಿಕೆಗಳೊಂದಿಗೆ ತೂಗಿ ನೋಡಲಾಗುತ್ತದೆ. ಒಂದು ಮನೆಯ ಮುಂದಿನ ಚರಂಡಿ ಕಟ್ಟಿಕೊಂಡಿದ್ದರೆ ಅದು ದೂರು; ಮಳೆಗಾಲದಲ್ಲಿ ಇಡೀ ಸಂತೆಮೈದಾನ ಕೆಸರಾಗಿ ವ್ಯಾಪಾರ ನಿಲ್ಲುತ್ತಿದ್ದರೆ ಅದು ಯೋಜನೆಯ ವಿಷಯ.

5. ಸಲಹೆಯು ಸಾಗುವ ಹಾದಿ

ಸಾಮಾನ್ಯವಾಗಿ ಸಲಹೆಯು ಈ ಕೆಳಕಂಡ ಹಂತಗಳನ್ನು ಹಾದುಹೋಗುತ್ತದೆ:

(1) ಸಲ್ಲಿಕೆ: ನಿವಾಸಿಯು ಅಂತರ್ಜಾಲದಲ್ಲಿ ಅಥವಾ ಲಿಖಿತವಾಗಿ ಸಲಹೆ ನೀಡುವುದು.

(2) ವಾರ್ಡ್ ಸಭೆಯ ಚರ್ಚೆ: ಸಲಹೆಯನ್ನು ಆಯಾ ವಾರ್ಡಿನ ಇತರ ಬೇಡಿಕೆಗಳೊಂದಿಗೆ ಓದಿ, ಆದ್ಯತೆಯ ಪಟ್ಟಿಯಲ್ಲಿ ಸ್ಥಾನ ನೀಡುವುದು.

(3) ಅಂತರ ವಿಶ್ಲೇಷಣೆ: ಲಭ್ಯವಿರುವ ಸೌಲಭ್ಯಕ್ಕೂ ಅಗತ್ಯಕ್ಕೂ ಇರುವ ಅಂತರವನ್ನು ಮಿಷನ್ ಅಂತ್ಯೋದಯ ಸಮೀಕ್ಷೆ ಮುಂತಾದ ಅಂಕಿಅಂಶಗಳ ನೆರವಿನಿಂದ ಗುರುತಿಸುವುದು. ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟಗಳು ಜೀವನೋಪಾಯ ಕುರಿತು ಸಿದ್ಧಪಡಿಸುವ ಬೇಡಿಕೆಗಳನ್ನೂ ಈ ಹಂತದಲ್ಲಿ ಪರಿಗಣಿಸಲಾಗುತ್ತದೆ.

(4) ಸಂಪನ್ಮೂಲದ ಅಂದಾಜು: ಪಂಚಾಯಿತಿಯ ಸ್ವಂತ ತೆರಿಗೆ, ಹಣಕಾಸು ಆಯೋಗದ ಅನುದಾನ ಹಾಗೂ ಇತರ ಯೋಜನೆಗಳಿಂದ ದೊರೆಯಬಹುದಾದ ಹಣವನ್ನು ಲೆಕ್ಕ ಹಾಕುವುದು.

(5) ಗ್ರಾಮ ಸಭೆಯ ಅನುಮೋದನೆ: ಕರಡು ಯೋಜನೆಯನ್ನು ಸಭೆಯ ಮುಂದಿಟ್ಟು ಅಂತಿಮಗೊಳಿಸುವುದು.

(6) ಪ್ರಕಟಣೆ: ಅನುಮೋದಿತ ಯೋಜನೆಯನ್ನು ಇ-ಗ್ರಾಮ್‌ಸ್ವರಾಜ್‌ನಲ್ಲಿ ಅಳವಡಿಸುವುದು.

ಇವುಗಳಲ್ಲಿ ಎರಡನೇ ಹಂತವು ನಿರ್ಣಾಯಕವಾದುದು. ಸಲಹೆ ನೀಡಿದವರಾಗಲಿ ಅದನ್ನು ಬೆಂಬಲಿಸುವವರಾಗಲಿ ಸಭೆಯಲ್ಲಿ ಹಾಜರಿದ್ದು ಮಾತನಾಡದಿದ್ದರೆ, ಪರದೆಯ ಮೇಲಿನ ಬರಹವು ಹಾಜರಿರುವವರ ಬೇಡಿಕೆಗಳ ನಡುವೆ ಹಿಂದೆ ಬೀಳುವುದು ಸಹಜ.

6. ಉಪಯುಕ್ತ ಸಲಹೆಯ ಲಕ್ಷಣಗಳು

"ಗ್ರಾಮವನ್ನು ಅಭಿವೃದ್ಧಿಪಡಿಸಬೇಕು" ಎಂಬ ಸಲಹೆಯ ಆಧಾರದ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಲಾಗದು. ಸಲಹೆಯಲ್ಲಿ ನಾಲ್ಕು ಅಂಶಗಳಿರಬೇಕು: ಸ್ಥಳ ಯಾವುದು, ತೊಂದರೆ ಏನು ಹಾಗೂ ಯಾವ ತಿಂಗಳುಗಳಲ್ಲಿ, ಯಾರಿಗೆ ಎಷ್ಟು ನಷ್ಟ, ಪರಿಹಾರ ಏನು.

ದಕ್ಷಿಣ ಕರ್ನಾಟಕದ ಅನೇಕ ಕಡೆ ಸುಗ್ಗಿಯ ಕಾಲದಲ್ಲಿ ರೈತರು ರಾಗಿ ಹಾಗೂ ಹುರುಳಿಯನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುವುದು ಕಂಡುಬರುತ್ತದೆ. ಇದರಿಂದ ಧಾನ್ಯದಲ್ಲಿ ಕಲ್ಲುಮಣ್ಣು ಸೇರುತ್ತದೆ. ಹುಲ್ಲಿನ ಮೇಲೆ ದ್ವಿಚಕ್ರ ವಾಹನಗಳು ಜಾರಿ ಅಪಘಾತಗಳೂ ಸಂಭವಿಸುತ್ತವೆ. ಈ ಬಗ್ಗೆ ಎರಡು ಬಗೆಯಲ್ಲಿ ಸಲಹೆ ಬರೆಯಬಹುದು.

ಮೊದಲನೆಯದು: "ಊರಿಗೆ ಕಣ ಬೇಕು."

ಎರಡನೆಯದು: "ಊರಿನ ಪೂರ್ವಕ್ಕೆ ಕೆರೆಯ ಏರಿಯ ಪಕ್ಕದಲ್ಲಿ ಸರ್ಕಾರಿ ಖಾಲಿ ಜಾಗವಿದೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಸುಮಾರು 40 ಕುಟುಂಬಗಳು ಮುಖ್ಯರಸ್ತೆಯಲ್ಲಿ ಒಕ್ಕಣೆ ಮಾಡುತ್ತಿವೆ. ಸಿಮೆಂಟ್ ಕಾಂಕ್ರೀಟಿನ ಸಾಮೂಹಿಕ ಕಣ ನಿರ್ಮಿಸಿದಲ್ಲಿ ಉಳಿದ ತಿಂಗಳುಗಳಲ್ಲಿ ಹುಣಸೆ ಒಣಗಿಸಲೂ ಉಪಯೋಗವಾಗುತ್ತದೆ. ಸರದಿಯ ಉಸ್ತುವಾರಿಯನ್ನು ಸ್ವಸಹಾಯ ಸಂಘಕ್ಕೆ ವಹಿಸಬಹುದು."

ಎರಡನೆಯ ಸಲಹೆಯನ್ನು ಓದಿದ ಅಧಿಕಾರಿಯು ಜಾಗದ ಪಹಣಿಯನ್ನು ಪರಿಶೀಲಿಸಬಹುದು, ಅಭಿಯಂತರರು ಅಂದಾಜುಪಟ್ಟಿ ತಯಾರಿಸಬಹುದು, ವಾರ್ಡ್ ಸಭೆಯು ಕುಟುಂಬಗಳ ಸಂಖ್ಯೆಯನ್ನು ದೃಢಪಡಿಸಬಹುದು. ಮೊದಲನೆಯ ಸಲಹೆಯಿಂದ ಇದಾವುದೂ ಸಾಧ್ಯವಾಗುವುದಿಲ್ಲ. (ಮೇಲಿನ ವಿವರಗಳು ಉದಾಹರಣೆಗಾಗಿ ಮಾತ್ರ.)

7. ಹಣದ ಮಿತಿಯನ್ನು ಅರಿಯುವುದು

ಪಂಚಾಯಿತಿಗೆ ಬರುವ ಎಲ್ಲ ಹಣವನ್ನೂ ಸಭೆಯು ಇಚ್ಛೆಯಂತೆ ಹಂಚಲಾಗದು. 15ನೇ ಹಣಕಾಸು ಆಯೋಗದ 2021-22ರಿಂದ 2025-26ರ ಅವಧಿಯ ಶಿಫಾರಸಿನಂತೆ, ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದ ಶೇ 60ರಷ್ಟನ್ನು ಕುಡಿಯುವ ನೀರು ಹಾಗೂ ನೈರ್ಮಲ್ಯಕ್ಕೆ ಮೀಸಲಿಡಲಾಗಿತ್ತು. ಉಳಿದ ಶೇ 40ರಷ್ಟನ್ನು, ವೇತನ ಹಾಗೂ ಸಿಬ್ಬಂದಿ ವೆಚ್ಚವನ್ನು ಹೊರತುಪಡಿಸಿ, ಸ್ಥಳೀಯ ಅಗತ್ಯಗಳಿಗೆ ಬಳಸಬಹುದಾಗಿತ್ತು. ಅಂದರೆ 100 ರೂಪಾಯಿಗಳಲ್ಲಿ ಸಂತೆ, ಕಣ, ದಾರಿ ಮುಂತಾದ ಬೇಡಿಕೆಗಳ ನಡುವೆ ಆಯ್ಕೆಗೆ ಉಳಿಯುತ್ತಿದ್ದುದು 40 ರೂಪಾಯಿಗಳು ಮಾತ್ರ.

ಇದನ್ನು ಅರಿತ ನಿವಾಸಿಗಳು ತಮ್ಮ ಸಲಹೆಗೆ ಸೂಕ್ತ ಹಣದ ಮೂಲವನ್ನೂ ಸೂಚಿಸಬಹುದು. ಮಳೆನೀರು ಸಂಗ್ರಹಣೆಯ ಬೇಡಿಕೆಯು ನೀರಿನ ಮೀಸಲು ಅನುದಾನಕ್ಕೆ ಹೊಂದಿಕೊಳ್ಳುತ್ತಿತ್ತು. ಸಂತೆಯ ಕಟ್ಟೆಯ ಬೇಡಿಕೆ ಹೊಂದಿಕೊಳ್ಳುತ್ತಿರಲಿಲ್ಲ. ಅನುದಾನದ ಷರತ್ತುಗಳು ಆಯೋಗದಿಂದ ಆಯೋಗಕ್ಕೆ ಬದಲಾಗುವುದರಿಂದ, ಆಯಾ ವರ್ಷದ ವಿವರವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ಪಡೆಯತಕ್ಕದ್ದು.

8. ಪರದೆಯ ಹೊರಗೆ ಉಳಿಯುವವರು

ಅಂತರ್ಜಾಲದ ಅಭಿಪ್ರಾಯ ಸಂಗ್ರಹಣೆಯ ಅತಿ ದೊಡ್ಡ ಮಿತಿಯೆಂದರೆ, ಅದು ಎಲ್ಲರ ಅಭಿಪ್ರಾಯವಲ್ಲ. ಬರೆಯಲು ಸಾಧ್ಯವಾದವರ ಅಭಿಪ್ರಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಭಾಗದಲ್ಲಿ ಎಂದಾದರೂ ಅಂತರ್ಜಾಲ ಬಳಸಿದ್ದ ಮಹಿಳೆಯರ ಪ್ರಮಾಣ ಶೇ 24.6 ಆಗಿದ್ದರೆ, ಪುರುಷರದು ಶೇ 48.7 ಆಗಿತ್ತು. ಆ ನಂತರ ಬಳಕೆ ಹೆಚ್ಚಿದ್ದರೂ, ಕೂಲಿಕಾರರು, ವೃದ್ಧರು, ಓದುಬರಹ ಬಾರದವರು ಹಾಗೂ ಮನೆಯ ಒಂದೇ ಮೊಬೈಲನ್ನು ಗಂಡಸರೇ ಇಟ್ಟುಕೊಳ್ಳುವ ಕುಟುಂಬಗಳ ಹೆಂಗಸರು ಹಿಂದೆ ಉಳಿಯುವ ಸಾಧ್ಯತೆ ಇದ್ದೇ ಇದೆ.

ಇದರ ಪರಿಣಾಮ ನೇರವಾದುದು. ನೂರು ಸಲಹೆಗಳಲ್ಲಿ ತೊಂಬತ್ತು ರಸ್ತೆಯ ಬಗ್ಗೆ ಬಂದವೆಂದ ಮಾತ್ರಕ್ಕೆ ರಸ್ತೆಯೇ ಗ್ರಾಮದ ಮೊದಲ ಅಗತ್ಯವೆಂದು ಹೇಳಲಾಗದು. ಎರಡು ಮೈಲಿ ನಡೆದು ಮೇವು ತರುವ ಹೆಣ್ಣುಮಕ್ಕಳು ಒಂದು ಸಲಹೆಯನ್ನೂ ಬರೆದಿರಲಿಕ್ಕಿಲ್ಲ. ಈ ಕಾರಣದಿಂದ ಸಲಹೆಗಳ ಸಂಖ್ಯೆಯನ್ನು ಮತಗಳಂತೆ ಎಣಿಸಬಾರದು. ಯಾವ ಜನವಸತಿಯಿಂದ, ಯಾವ ವರ್ಗದಿಂದ ಸಲಹೆ ಬಂದಿಲ್ಲ ಎಂಬುದನ್ನು ಗುರುತಿಸಿ, ಅಲ್ಲಿ ಜನವಸತಿ ಸಭೆ ಹಾಗೂ ಮಹಿಳಾ ಸಭೆಗಳ ಮೂಲಕ ನೇರವಾಗಿ ಕೇಳುವುದು ಅಗತ್ಯ. ಓದುಬರಹ ಬಲ್ಲ ಯುವಕ ಯುವತಿಯರು ನೆರೆಹೊರೆಯ ಹಿರಿಯರ ಮಾತನ್ನು ಅವರ ಒಪ್ಪಿಗೆಯಿಂದ ಬರೆದು ಸಲ್ಲಿಸುವುದೂ ಸ್ವಾಗತಾರ್ಹ.

9. ಇತರೆಡೆಯ ಅನುಭವ

ಕೇರಳವು 1996ರಲ್ಲಿ ಜನಕೀಯ ಯೋಜನಾ ಆಂದೋಲನವನ್ನು ಆರಂಭಿಸಿ, ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಅಲ್ಲಿ ಗ್ರಾಮ ಸಭೆಯ ಚರ್ಚೆಗೆ ಬಲ ಬಂದದ್ದು ಚರ್ಚಿಸಲು ಹಣವೂ ಇದ್ದ ಕಾರಣದಿಂದ.

ಬ್ರೆಜಿಲ್ ದೇಶದ ಬೆಲೊ ಹೊರಿಜಾಂಟೆ ನಗರವು 2006ರಲ್ಲಿ ಅಂತರ್ಜಾಲದ ಮೂಲಕ ಕಾಮಗಾರಿಗಳ ಆಯ್ಕೆಯನ್ನು ಜನರ ಮುಂದಿಟ್ಟಿತು. ನಗರದ 9 ವಲಯಗಳಿಗೆ ತಲಾ 4ರಂತೆ 36 ಕಾಮಗಾರಿಗಳನ್ನು ಸೂಚಿಸಿ, ವಲಯಕ್ಕೊಂದನ್ನು ಆರಿಸಲು ಕೋರಲಾಯಿತು. ಸುಮಾರು 1,73,000 ಜನರು ಭಾಗವಹಿಸಿದರು. ಆದರೆ 2011ರ ವೇಳೆಗೆ ಈ ಸಂಖ್ಯೆ ಸುಮಾರು 25,000ಕ್ಕೆ ಇಳಿಯಿತು. 2008ರಲ್ಲಿ ಜನರು ಆರಿಸಿದ ಕಾಮಗಾರಿಯು ಸಕಾಲದಲ್ಲಿ ಕಾರ್ಯಗತವಾಗದೆ ವಿಶ್ವಾಸ ಕುಗ್ಗಿದುದು ಇದಕ್ಕೆ ಒಂದು ಕಾರಣವೆಂದು ಅಧ್ಯಯನಕಾರರು ಗುರುತಿಸಿದ್ದಾರೆ. ಕೇಳಿದ ಮೇಲೆ ಉತ್ತರ ನೀಡದಿದ್ದರೆ ಜನರು ಮುಂದಿನ ಬಾರಿ ಹೇಳಲು ಬರುವುದಿಲ್ಲ ಎಂಬುದು ಈ ಅನುಭವದ ಸಾರ. ಸಲಹೆಯನ್ನು ಕೈಬಿಟ್ಟಾಗ ಅದರ ಕಾರಣವನ್ನು ಸಭೆಯಲ್ಲಿ ತಿಳಿಸಿ ನಡವಳಿಯಲ್ಲಿ ದಾಖಲಿಸುವುದು ಆದ್ದರಿಂದಲೇ ಮುಖ್ಯವಾಗಿದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರ: ಉದ್ಯೋಗಕ್ಕಾಗಿ ಪರಊರಿನಲ್ಲಿರುವವರು ಸಲಹೆ ನೀಡಬಹುದೇ?
ಉ: ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವವರೆಲ್ಲರೂ ಗ್ರಾಮ ಸಭೆಯ ಸದಸ್ಯರಾಗಿರುತ್ತಾರೆ. ದೂರದಲ್ಲಿರುವ ಸದಸ್ಯರಿಗೆ ಅಂತರ್ಜಾಲವು ವಿಶೇಷವಾಗಿ ಉಪಯುಕ್ತ.

ಪ್ರ: ಸಲಹೆಯಲ್ಲಿ ಆಧಾರ್ ಸಂಖ್ಯೆ ಅಥವಾ ಬ್ಯಾಂಕ್ ಖಾತೆಯ ವಿವರ ಬರೆಯಬೇಕೇ?
ಉ: ಅಗತ್ಯವಿಲ್ಲ. ಸಲಹೆಯ ಬರಹದಲ್ಲಾಗಲಿ ಛಾಯಾಚಿತ್ರದಲ್ಲಾಗಲಿ ಸ್ವಂತ ಅಥವಾ ಇತರರ ಖಾಸಗಿ ವಿವರಗಳನ್ನು ಸೇರಿಸಬಾರದು. ಒಂದು ಬಾರಿಯ ಪಾಸ್‌ವರ್ಡನ್ನು ಯಾರಿಗೂ ತಿಳಿಸಬಾರದು.

ಪ್ರ: ಸಲಹೆ ನೀಡಿದ ಮಾತ್ರಕ್ಕೆ ಕಾಮಗಾರಿ ಮಂಜೂರಾಗುವುದೇ?
ಉ: ಇಲ್ಲ. ಗ್ರಾಮ ಸಭೆಯ ಅನುಮೋದನೆ, ಹಣದ ಲಭ್ಯತೆ ಹಾಗೂ ತಾಂತ್ರಿಕ ಸಾಧ್ಯತೆಗೆ ಒಳಪಟ್ಟಿರುತ್ತದೆ.

ಪ್ರ: ಸಲಹೆಯು ಯೋಜನೆಯಲ್ಲಿ ಸೇರಿದೆಯೇ ಎಂಬುದನ್ನು ತಿಳಿಯುವುದು ಹೇಗೆ?
ಉ: ಇ-ಗ್ರಾಮ್‌ಸ್ವರಾಜ್‌ನಲ್ಲಿ ಆಯಾ ವರ್ಷದ ಅನುಮೋದಿತ ಯೋಜನೆಯನ್ನು ನೋಡಬೇಕು. ಸೇರದಿದ್ದಲ್ಲಿ ಸಭೆಯ ನಡವಳಿಯ ಪ್ರತಿಯನ್ನು ಕೋರಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಸಲ್ಲಿಸಿದ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

11. ನಾಗರಿಕರ ಗಮನಕ್ಕೆ

ಸಲಹೆ ಸಲ್ಲಿಸಿದ ದಿನಾಂಕ ಹಾಗೂ ನೋಂದಣಿ ಸಂಖ್ಯೆ ದೊರೆತಿದ್ದಲ್ಲಿ ಅದನ್ನು ಬರೆದಿಟ್ಟುಕೊಳ್ಳುವುದು, ವಾರ್ಡ್ ಸಭೆಯ ದಿನಾಂಕವನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ನೋಡಿಕೊಳ್ಳುವುದು, ಸಾಧ್ಯವಾದಷ್ಟೂ ಸಭೆಗೆ ಹಾಜರಾಗುವುದು ಹಾಗೂ ವರ್ಷಾಂತ್ಯದಲ್ಲಿ ಯೋಜನೆಯನ್ನೂ ಕಾಮಗಾರಿಯನ್ನೂ ಹೋಲಿಸಿ ನೋಡುವುದು ಸೂಕ್ತ. ಹೆಚ್ಚಿನ ವಿವರಗಳಿಗಾಗಿ ಸಂಬಂಧಪಟ್ಟ ಗ್ರಾಮ ಪಂಚಾಯಿತಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಅಥವಾ ತಾಲ್ಲೂಕು ಪಂಚಾಯಿತಿ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.