ಅಂಗೈಯಗಲದ ಸರ್ವರ್, ಊರಿನದೇ ಜಾಲತಾಣ

ಸಾಮಾಜಿಕ ಜಾಲತಾಣ ನಡೆಸುವ ಯಂತ್ರ ಎಷ್ಟು ದೊಡ್ಡದಿರಬೇಕು ಎಂಬುದನ್ನು ಬಳಸುವವರ ಸಂಖ್ಯೆಯೊಂದೇ ನಿರ್ಧರಿಸುವುದಿಲ್ಲ. ಆ ಯಂತ್ರಕ್ಕೆ ಏನೇನು ಕೆಲಸ ಹಚ್ಚಲಾಗಿದೆ ಎಂಬುದು ಅದಕ್ಕಿಂತ ಮುಖ್ಯ. ದೊಡ್ಡ ಕಂಪನಿಗಳ ಸರ್ವರ್‌ಗಳು ಜನ ಬರೆದದ್ದನ್ನು ಕೂಡಿಟ್ಟು ತೋರಿಸುವುದಷ್ಟನ್ನೇ ಮಾಡುವುದಿಲ್ಲ. ಯಾರ ಮುಂದೆ ಯಾವ ಜಾಹೀರಾತು ಹಿಡಿಯಬೇಕು, ಯಾವ ವಿಡಿಯೊ ತೋರಿಸಿದರೆ ಇನ್ನೂ ಹತ್ತು ನಿಮಿಷ ಮೊಬೈಲ್ ಬಿಟ್ಟು ಏಳುವುದಿಲ್ಲ ಎಂಬ ಲೆಕ್ಕ ಅಲ್ಲಿ ಹಗಲಿರುಳೂ ನಡೆದಿರುತ್ತದೆ. ಆ ಲೆಕ್ಕವನ್ನು ಕಿತ್ತು ಬದಿಗಿಟ್ಟರೆ ಉಳಿಯುವ ಕೆಲಸ ಆಶ್ಚರ್ಯ ಹುಟ್ಟಿಸುವಷ್ಟು ಚಿಕ್ಕದು: ಬರೆದದ್ದನ್ನು ಬರೆದಿಟ್ಟುಕೊಳ್ಳುವುದು, ಹಿಂಬಾಲಿಸುವವರಿಗೆ ಕಳಿಸುವುದು, ಕೇಳಿದಾಗ ತೆಗೆದು ತೋರಿಸುವುದು. ಇಷ್ಟಕ್ಕೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಬೋರ್ಡು ಸಾಕು. ಕೀಲಿಮಣೆ ಕೆಟ್ಟಿತೆಂದು ಅಟ್ಟ ಸೇರಿದ ಲ್ಯಾಪ್‌ಟಾಪ್ ಸಿಕ್ಕರೆ ಬೇಕಾದಷ್ಟಾಯಿತು.

ಕನ್ನಡ ಬರಹ ಎಷ್ಟು ಜಾಗ ಹಿಡಿಯುತ್ತದೆ ಎಂದು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತ ಮೂರು ಬೈಟ್ ಹಿಡಿಯುತ್ತದೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಆರು ಸಂಕೇತ, 18 ಬೈಟ್. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟ್ ಸಾಕಾಗುವುದರಿಂದ ಕನ್ನಡ ದುಬಾರಿ ಅನ್ನಿಸಬಹುದು. ಆದರೂ 500 ಸಂಕೇತಗಳ ಪೋಸ್ಟ್ ಒಂದೂವರೆ ಕಿಲೋಬೈಟ್ ಮೀರದು. ಅಂಥ ಒಂದು ಲಕ್ಷ ಪೋಸ್ಟ್ ಸೇರಿದರೂ ಬರಹದ ಭಾಗ 150 ಎಂ.ಬಿ. ಮಾತ್ರ. ಡೇಟಾಬೇಸಿನ ಸೂಚಿ, ತಾರೀಕು, ಲೈಕು ಎಲ್ಲ ಕೂಡಿ ಅದು ಕೆಲವು ಪಟ್ಟು ಬೆಳೆದರೂ ಹಳೆಯ ಪೆನ್‌ಡ್ರೈವ್‌ನ ಒಂದು ಮೂಲೆ ತುಂಬುವುದಿಲ್ಲ. ಇನ್ನು ವಿಜಯಪುರ ಜಿಲ್ಲೆಯ ತಿಕೋಟಾದ ಶೆಡ್ಡಿನಲ್ಲಿ ಬಲೆಯ ಮೇಲೆ ಹರವಿದ ಒಣದ್ರಾಕ್ಷಿಯದೊಂದು ಫೋಟೊ ಮೊಬೈಲಿನಲ್ಲಿ ತೆಗೆದರೆ ಅದೊಂದೇ 3 ಎಂ.ಬಿ. ಆಗಬಹುದು. ಅಂದರೆ ಎರಡು ಸಾವಿರ ಪೋಸ್ಟ್‌ಗಳಷ್ಟು ಭಾರ.

ಇಂಥ ಸಣ್ಣ ತಾಣಗಳು ಬಾವಿಯ ಕಪ್ಪೆಗಳಾಗದೆ ಒಂದಕ್ಕೊಂದು ಮಾತಾಡಲು ಒಂದು ಸಾಮಾನ್ಯ ಪದ್ಧತಿ ಇದೆ. ಅದರ ಹೆಸರು ಆಕ್ಟಿವಿಟಿಪಬ್. ವೆಬ್ಬಿನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ 2018ರ ಜನವರಿಯಲ್ಲಿ ಇದಕ್ಕೆ ಮುದ್ರೆ ಒತ್ತಿತು. ಈಮೇಲಿನಲ್ಲಿ ಒಂದು ಕಂಪನಿಯ ಖಾತೆಯಿಂದ ಇನ್ನೊಂದು ಕಂಪನಿಯ ಖಾತೆಗೆ ಪತ್ರ ಹೋಗುವ ಹಾಗೆಯೇ ಇಲ್ಲಿಯೂ ಒಂದು ಸರ್ವರಿನಲ್ಲಿರುವವರು ಮತ್ತೊಂದು ಸರ್ವರಿನವರನ್ನು ಹಿಂಬಾಲಿಸಬಹುದು, ಉತ್ತರಿಸಬಹುದು. ಈ ಪದ್ಧತಿಯಿಂದ ಕೂಡಿಕೊಂಡ ಸಾವಿರಾರು ತಾಣಗಳ ಒಕ್ಕೂಟವನ್ನು ಫೆಡಿವರ್ಸ್ ಎನ್ನುತ್ತಾರೆ. ಒಂದು ತಾಣ ಮುಚ್ಚಿದರೆ ಉಳಿದವು ನಡೆಯುತ್ತಲೇ ಇರುತ್ತವೆ.

ಇದು ಸಣ್ಣ ಅನುಕೂಲವಲ್ಲ ಎಂಬುದು ಕನ್ನಡಿಗರಿಗೆ ಈಗಾಗಲೇ ಗೊತ್ತಾಗಿದೆ. 2020ರಲ್ಲಿ ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದಾವತ್ಕ ಕಟ್ಟಿದ ‘ಕೂ’ ಮೊದಲು ಕನ್ನಡದಲ್ಲೇ ಕಣ್ಣು ತೆರೆದ ತಾಣ. 2024ರ ಜುಲೈನಲ್ಲಿ ಅದು ಬಾಗಿಲು ಹಾಕಿತು. ಬೇರೆ ಕಂಪನಿಗಳ ಜತೆ ನಡೆದ ಮಾತುಕತೆ ಮುರಿದುಬಿದ್ದಿತ್ತು. ಇಂಥ ಆ್ಯಪ್ ನಡೆಸುವ ತಂತ್ರಜ್ಞಾನದ ಖರ್ಚು ಭಾರಿಯಾದದ್ದೂ ಒಂದು ಕಾರಣವೆಂದು ಸ್ಥಾಪಕರೇ ತಿಳಿಸಿದರು. ಕೋಟಿಗಟ್ಟಲೆ ಜನರನ್ನು ಒಂದೇ ಛಾವಣಿಯಡಿ ಕೂಡಿಸುವ ತಾಣಕ್ಕೆ ಆ ಖರ್ಚು ತಪ್ಪದು. ಐವತ್ತು ಅಥವಾ ಇನ್ನೂರು ಜನರ ತಾಣದ ಲೆಕ್ಕವೇ ಬೇರೆ.

ಸಣ್ಣ ಯಂತ್ರಕ್ಕೆ ಯಾವ ತಂತ್ರಾಂಶ ಎಂಬುದೇ ಇಲ್ಲಿಯ ಮುಖ್ಯ ತೀರ್ಮಾನ. ಫೆಡಿವರ್ಸ್‌ನಲ್ಲಿ ಎಲ್ಲರಿಗೂ ಪರಿಚಿತ ಹೆಸರು ಮಾಸ್ಟೊಡಾನ್. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಹೊರತಂದ ಈ ತಂತ್ರಾಂಶ ರೂಬಿ ಭಾಷೆಯಲ್ಲಿದೆ. ಅದರ ಜತೆಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ರೆಡಿಸ್, ಹಿನ್ನೆಲೆ ಕೆಲಸಗಳ ಸೈಡ್‌ಕಿಕ್, ಪೋಸ್ಟ್‌ಗಳನ್ನು ಹರಿಯಬಿಡಲು ಇನ್ನೊಂದು ಪ್ರಕ್ರಿಯೆ ಇಷ್ಟೂ ಓಡುತ್ತಿರಬೇಕು. 2 ಜಿ.ಬಿ. ರ‍್ಯಾಮ್ ಇಲ್ಲದಿದ್ದರೆ ಅದು ಏದುಸಿರು ಬಿಡುತ್ತದೆ. ಎಲಿಕ್ಸರ್ ಭಾಷೆಯ ಪ್ಲೆರೋಮಾ ಮತ್ತು ಅದರಿಂದ ಕವಲೊಡೆದ ಅಕ್ಕೋಮಾ ಇದಕ್ಕಿಂತ ಹಗುರ, ಆದರೆ ಅವಕ್ಕೂ ಪೋಸ್ಟ್‌ಗ್ರೆಸ್ ಬೇಕೇ ಬೇಕು.

ಗೋಟುಸೋಶಿಯಲ್ ಹುಟ್ಟಿದ್ದೇ ಕಡಿಮೆ ಬಲದ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಗೋ ಭಾಷೆಯಲ್ಲಿ ಬರೆದಿರುವ ಇದರ ಮುಖ್ಯ ಪ್ರೋಗ್ರಾಂ ಒಂದೇ ಫೈಲಾಗಿ ಬರುತ್ತದೆ. ಇಡೀ ಡೇಟಾಬೇಸನ್ನು ಎಸ್‌ಕ್ಯೂಲೈಟ್ ಎಂಬ ವ್ಯವಸ್ಥೆಯಲ್ಲಿ ಒಂದೇ ಕಡತದಲ್ಲಿ ಇಟ್ಟುಕೊಳ್ಳಬಲ್ಲದು. ಸಾಮಾನ್ಯವಾಗಿ 250ರಿಂದ 350 ಎಂ.ಬಿ. ರ‍್ಯಾಮ್‌ನಲ್ಲಿ ಇದರ ಸಂಸಾರ ಸಾಗುತ್ತದೆ. ಪೋಸ್ಟಿನ ಮಿತಿ ಮಾಸ್ಟೊಡಾನ್‌ನಲ್ಲಿ 500 ಅಕ್ಷರವಾದರೆ ಇಲ್ಲಿ ಮೊದಲೇ ಗೊತ್ತುಮಾಡಿರುವುದು 5000. ಸಣ್ಣ ಲೇಖನವನ್ನೇ ಹಾಕಬಹುದು. ಇದರಲ್ಲಿ ಬರೆಯಲು, ಟೈಮ್‌ಲೈನ್ ನೋಡಲು ತನ್ನದೇ ಆದ ಪುಟ ಇಲ್ಲ. ಟಸ್ಕಿಯಂಥ ಮೊಬೈಲ್ ಆ್ಯಪ್ ಅಥವಾ ಫ್ಯಾನ್‌ಪಿಯಂಥ ವೆಬ್ ಆ್ಯಪ್ ಬಳಸಬೇಕು. ಕೊರತೆಯಂತೆ ಕಾಣುವ ಇದೇ ಅದರ ಜಾಣತನ: ಪರದೆಯನ್ನು ಚಂದಗಾಣಿಸುವ ಹೊರೆ ಬಳಕೆದಾರರ ಮೊಬೈಲಿಗೆ ಬಿದ್ದು, ಸರ್ವರಿನ ಪಾಲಿಗೆ ಅಸಲು ಕೆಲಸವಷ್ಟೇ ಉಳಿಯುತ್ತದೆ. ಇನ್ನೂ ಹಗುರ ಬೇಕೆಂದರೆ ಸಿ ಭಾಷೆಯ ಸ್ನ್ಯಾಕ್ ಇದೆ. ಅದಕ್ಕೆ ಡೇಟಾಬೇಸೇ ಬೇಡ, ಎಲ್ಲವನ್ನೂ ಸಾದಾ ಕಡತಗಳಲ್ಲಿ ಬರೆದಿಡುತ್ತದೆ. ಒಬ್ಬಿಬ್ಬರ ಅಥವಾ ಒಂದು ಮನೆಯ ತಾಣಕ್ಕೆ ಅದು ಒಪ್ಪುತ್ತದೆ. ಊರಿನ ಬಳಗಕ್ಕೆ ಗೋಟುಸೋಶಿಯಲ್ ಮೇಲು.

ಹಗುರ ತಂತ್ರಾಂಶವನ್ನೂ ಬಗ್ಗಿಸುವುದು ಹೊರಗಿನಿಂದ ಬರುವ ಸಾಮಗ್ರಿ. ಒಬ್ಬರು ದೇಶವಿದೇಶಗಳ ಸಾವಿರ ಜನರನ್ನು ಹಿಂಬಾಲಿಸಿದರೆ ಆ ಸಾವಿರ ಜನರ ಫೋಟೊ, ವಿಡಿಯೊಗಳ ಪ್ರತಿ ಈ ಪುಟ್ಟ ಯಂತ್ರಕ್ಕೂ ಬರತೊಡಗುತ್ತದೆ. ಡಿಸ್ಕ್ ತುಂಬುವುದು ಹೀಗೆಯೇ. ಊರಿನವರು ಬರೆದು ಬರೆದು ತುಂಬಿಸುವುದು ಅಪರೂಪ. ಗೋಟುಸೋಶಿಯಲ್ ಹೊರಗಿನ ಚಿತ್ರಗಳನ್ನು ಏಳು ದಿನ ಇಟ್ಟುಕೊಂಡು ಅಳಿಸಿಬಿಡುತ್ತದೆ, ಯಾರಾದರೂ ಮತ್ತೆ ಕೇಳಿದರೆ ಮೂಲ ಸರ್ವರಿನಿಂದ ತರಿಸುತ್ತದೆ. ಜಾಗ ಇಕ್ಕಟ್ಟಾದರೆ ಈ ಅವಧಿಯನ್ನು ಮೂರು ದಿನಕ್ಕೆ ಇಳಿಸಬಹುದು. ವಿಡಿಯೊ ಗಾತ್ರಕ್ಕೆ ಮಿತಿ ಹಾಕುವುದು ಇನ್ನೂ ಒಳ್ಳೆಯದು. ಅದರ ಮುಖಚಿತ್ರ ತೆಗೆಯುವಾಗಲೇ ಸಣ್ಣ ಪ್ರೊಸೆಸರ್‌ಗೆ ಬೆವರು ಬರುತ್ತದೆ.

ಯಂತ್ರದ ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಜೀರೊ 2 ಡಬ್ಲ್ಯುನಲ್ಲಿ 512 ಎಂ.ಬಿ. ರ‍್ಯಾಮ್ ಇದೆ, ಒಬ್ಬರ ತಾಣವಾದರೆ ಹೇಗೋ ನಡೆದೀತು. 2019ರ ಪೈ 4, ಅದರಲ್ಲೂ 2 ಜಿ.ಬಿ.ಯದು, ಒಂದು ಊರಿನ ಬಳಗಕ್ಕೆ ಆರಾಮ. ಆಪರೇಟಿಂಗ್ ಸಿಸ್ಟಂ 64 ಬಿಟ್‌ನದೇ ಇರಲಿ. ಮೆಮೊರಿ ಕಾರ್ಡಿನ ಮೇಲೆ ಡೇಟಾಬೇಸ್ ಇಡುವುದು ಮಾತ್ರ ಬೇಡ. ಸರ್ವರ್ ಬಿಡುವಿಲ್ಲದೆ ಸಣ್ಣಸಣ್ಣ ಬರವಣಿಗೆ ಮಾಡುವುದರಿಂದ ಕಾರ್ಡು ಬೇಗ ಸವೆಯುತ್ತದೆ, ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತ ಕೆಡುವ ಭಯವೂ ಇದೆ. ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ಎಸ್‌ಎಸ್‌ಡಿ ಇವೆರಡನ್ನೂ ಬಹುಮಟ್ಟಿಗೆ ತಪ್ಪಿಸುತ್ತದೆ.

ವಿಜಯಪುರದಲ್ಲಿ ಏಳುವ ಅಸಲು ಪ್ರಶ್ನೆ ಕರೆಂಟು ಮತ್ತು ಬಿಸಿಲಿನದು. 4 ವ್ಯಾಟ್ ಎಳೆಯುವ ಪೈ ತಿಂಗಳಿಡೀ ಹಗಲು ರಾತ್ರಿ ಉರಿದರೂ ಮೂರು ಯುನಿಟ್ ಮುಟ್ಟುವುದಿಲ್ಲ. 60 ವ್ಯಾಟಿನ ಹಳೆಯ ಡೆಸ್ಕ್‌ಟಾಪ್ ಅದೇ ಅವಧಿಯಲ್ಲಿ 43 ಯುನಿಟ್ ತಿನ್ನುತ್ತದೆ. ಹೆಸ್ಕಾಂ ಬಿಲ್ಲಿನಲ್ಲಿ ಈ ವ್ಯತ್ಯಾಸ ಪ್ರತಿ ತಿಂಗಳೂ ಕಾಣುತ್ತದೆ. ಕರೆಂಟ್ ಹೋದಾಗಿನ ಲೆಕ್ಕದಲ್ಲಿ ಬಹಳ ಜನ ಎಡವುವುದು ಬೇರೊಂದು ಕಡೆ. ಪೈಗಿಂತ ಅದರ ಪಕ್ಕದ ಫೈಬರ್ ಡಬ್ಬಿ, ವೈಫೈ ರೌಟರ್ ಹೆಚ್ಚು ವಿದ್ಯುತ್ ಎಳೆಯುತ್ತವೆ. ಅವೆರಡಕ್ಕೆ 10 ವ್ಯಾಟ್ ಹಿಡಿದರೆ ಒಟ್ಟು 14 ವ್ಯಾಟ್. ಬೈಕಿನ ಬ್ಯಾಟರಿಯಷ್ಟಿರುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇದ್ದರೂ ಅದರ ಆಯುಸ್ಸು ಉಳಿಯಬೇಕೆಂದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಹಾಗಾಗಿ ಸಿಗುವುದು ಮೂರು ತಾಸು. ಮನೆಯ ಇನ್ವರ್ಟರಿಗೆ ಜೋಡಿಸಿರುವ 150 ಆಂಪಿಯರ್-ಅವರ್ ಬ್ಯಾಟರಿಗೆ ಈ ಮೂರನ್ನೇ ಹಚ್ಚಿದರೆ, ಇನ್ವರ್ಟರ್ ತಾನೇ ಕುಡಿಯುವುದನ್ನು ಕಳೆದೂ ಒಂದು ದಿನ ದಾಟುತ್ತದೆ. ಹೊಲದ ಪಂಪ್‌ಸೆಟ್ ಲೈನಿನ ಮೇಲಿರುವ ತೋಟದ ಶೆಡ್ಡಿನಲ್ಲಿ ಸರ್ವರ್ ಇಡುವ ಯೋಚನೆಯಿದ್ದರೆ ಅದನ್ನು ಬಿಡುವುದೇ ಲೇಸು. ಆ ಲೈನಿನಲ್ಲಿ ದಿನಕ್ಕೆ ಸಿಗುವುದೇ ಗೊತ್ತುಪಡಿಸಿದ ಕೆಲವು ತಾಸು. ಸೋಲಾರ್ ಫಲಕವಿದ್ದರೆ ಮಾತು ಬೇರೆ, ಬಿಸಿಲಿಗೇನೂ ಈ ಸೀಮೆಯಲ್ಲಿ ಬರವಿಲ್ಲ.

ಆ ಬಿಸಿಲೇ ಇನ್ನೊಂದು ತೊಂದರೆ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವಾಗ ತಗಡಿನ ಸೂರಿನಡಿ ಅದಕ್ಕಿಂತ ಹೆಚ್ಚಿರುತ್ತದೆ. ಪೈನ ಚಿಪ್ 80 ಡಿಗ್ರಿ ದಾಟಿದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಎರೆಮಣ್ಣಿನ ಧೂಳು ಫ್ಯಾನನ್ನು ಬೇಗ ಕೆಡಿಸುವುದರಿಂದ, ಬೋರ್ಡಿನ ಬಿಸಿಯನ್ನು ಮೈಯಿಂದಲೇ ಹೊರಹಾಕುವ ಅಲ್ಯೂಮಿನಿಯಂ ಪೆಟ್ಟಿಗೆ ಇಲ್ಲಿಗೆ ಹೆಚ್ಚು ಸರಿ. ಕಲ್ಲಿನ ಗೋಡೆಯ, ಕೆಳಮನೆಯ ಒಂದು ಗೂಡು ಸಿಕ್ಕರೆ ಇನ್ನೂ ಉತ್ತಮ.

ಯಂತ್ರ ಓಡತೊಡಗಿದ ಮೇಲೆ ಜಗತ್ತಿಗೆ ಅದರ ವಿಳಾಸ ಸಿಗಬೇಕು. ಮನೆಗೆ ಬರುವ ಇಂಟರ್‌ನೆಟ್ ಸಂಪರ್ಕಗಳಲ್ಲಿ ಎಷ್ಟೋ ಗ್ರಾಹಕರು ಒಂದೇ ಐಪಿವಿ4 ವಿಳಾಸವನ್ನು ಹಂಚಿಕೊಂಡಿರುತ್ತಾರೆ. ಒಳಗಿನಿಂದ ಹೊರಗೆ ಹೋಗಲು ಇದರಿಂದ ಅಡ್ಡಿಯಿಲ್ಲ. ಹೊರಗಿನವರು ಬಂದು ಬಾಗಿಲು ತಟ್ಟಲಾರರು. ಸಂಪರ್ಕ ಕೊಡುವ ಕಂಪನಿಯಿಂದ ಸ್ಥಿರ ವಿಳಾಸ ಕೊಳ್ಳುವುದು ನೇರ ದಾರಿ. ಐಪಿವಿ6 ವಿಳಾಸ ಸುಲಭವಾಗಿ ಸಿಗುತ್ತದೆ, ಆದರೆ ಐಪಿವಿ4 ಮಾತ್ರ ಇರುವ ಸರ್ವರ್‌ಗಳಿಗೆ ಅದು ಕಾಣದು. ಹೆಚ್ಚಿನವರು ಹಿಡಿಯುವುದು ಮೂರನೆಯ ದಾರಿಯನ್ನು: ಎಲ್ಲೋ ಬಾಡಿಗೆಗೆ ಸಿಗುವ ಅತಿ ಅಗ್ಗದ ವರ್ಚುವಲ್ ಸರ್ವರ್ ಹಿಡಿದು, ಅಲ್ಲಿಂದ ಮನೆಯ ಪೈಗೆ ವೈರ್‌ಗಾರ್ಡ್ ಎಂಬ ಗುಪ್ತ ಕೊಳವೆ ಹಾಕುವುದು. ಬರಹ, ಚಿತ್ರ ಎಲ್ಲ ಊರಿನಲ್ಲೇ ಇರುತ್ತವೆ, ಹೊರಗಿನದು ಬರೀ ಹೆಬ್ಬಾಗಿಲು. ಡೊಮೈನ್ ಹೆಸರನ್ನು ಮಾತ್ರ ಸಾವಧಾನವಾಗಿ ಆರಿಸಬೇಕು. ಒಮ್ಮೆ ಬೇರೆ ತಾಣಗಳ ಜತೆ ಮಾತು ಶುರುವಾದ ಮೇಲೆ ಆ ಹೆಸರು ಬದಲಿಸಿದರೆ ಹಳೆಯ ಸಂಬಂಧಗಳೆಲ್ಲ ಕಡಿದುಹೋಗುತ್ತವೆ.

ವಿಜಯಪುರ ನಗರ, ಅಥಣಿ ರಸ್ತೆಯ ಮೇಲಿನ ತಿಕೋಟಾ, ಜಮಖಂಡಿ ದಾರಿಯ ಬಬಲೇಶ್ವರ ಇವು ಮೂರಕ್ಕೆ ಒಂದೊಂದು ಪುಟ್ಟ ಸರ್ವರ್ ಎಂದು ಇಟ್ಟುಕೊಂಡರೆ ಈ ತಂತ್ರದ ಇನ್ನೊಂದು ಗುಣ ಕಾಣುತ್ತದೆ. ಗೋಟುಸೋಶಿಯಲ್‌ನಲ್ಲಿ ಹೆಸರು ಹೇಳಿದ ತಾಣಗಳ ಜತೆ ಮಾತ್ರ ವ್ಯವಹರಿಸುವ ಏರ್ಪಾಡಿದೆ. ಮೂರೂ ಸರ್ವರ್‌ಗಳು ತಮ್ಮ ಪಟ್ಟಿಯಲ್ಲಿ ಉಳಿದೆರಡರ ಹೆಸರಷ್ಟೇ ಬರೆದುಕೊಂಡರೆ ಹೊರಗಿನ ಗದ್ದಲ, ಹೊರಗಿನ ವಿಡಿಯೊ ಒಳಗೆ ಬರುವುದೇ ಇಲ್ಲ. ಯಂತ್ರದ ಹೊರೆಯೂ ಇಳಿಯುತ್ತದೆ. ದ್ರಾಕ್ಷಿ ಬೆಳೆಗಾರರ ಬಳಗಕ್ಕೆ ಇಂಥ ತಾಣ ಹೊಂದುತ್ತದೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ಮೇಲೆ ಎಲ್ಲಿ ದವಣಿ ರೋಗ ಕಾಣಿಸಿತು, ಯಾರ ಬಳ್ಳಿಗೆ ಯಾವಾಗ ಔಷಧ ಹೊಡೆದರು ಎಂಬುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶುಭೋದಯದ ಚಿತ್ರಗಳಡಿ ಹೂತುಹೋಗುತ್ತದೆ. ಇಲ್ಲಿ ಹ್ಯಾಶ್‌ಟ್ಯಾಗ್ ಹಾಕಿಟ್ಟರೆ ಮುಂದಿನ ವರ್ಷವೂ ತೆಗೆದು ಓದಬಹುದು.

ಊರಿನ ವೈಫೈಯಲ್ಲೇ ಸಾಮಗ್ರಿ ಇಟ್ಟುಕೊಳ್ಳುವ ಪ್ರಯೋಗ ಕರ್ನಾಟಕಕ್ಕೆ ಹೊಸದಲ್ಲ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಬೆಂಗಳೂರಿನ ಜನಸ್ತು ಸಂಸ್ಥೆ, ಟಿ.ಬಿ. ದಿನೇಶ್ ಅವರ ಮುಂದಾಳತ್ವದಲ್ಲಿ, ಸಮುದಾಯವೇ ನೋಡಿಕೊಳ್ಳುವ ವೈಫೈ ಮೆಶ್ ಜಾಲವನ್ನು ಕಟ್ಟಿದೆ. ಒಂದು ರೌಟರ್ ಇನ್ನೊಂದಕ್ಕೆ ಸಂಕೇತ ದಾಟಿಸುತ್ತ ಹೋಗುವುದರಿಂದ ಹೊರಗಿನ ಇಂಟರ್‌ನೆಟ್ ಕಡಿದರೂ ಒಳಗಿನ ಸರ್ವರಿನಲ್ಲಿರುವುದು ಜನಕ್ಕೆ ಸಿಗುತ್ತದೆ. ಅಲ್ಲಿ ಹೆಚ್ಚು ಒತ್ತು ಬಿದ್ದಿರುವುದು ಧ್ವನಿಗೆ: ಹಳ್ಳಿಯವರ ಮಾತನ್ನು ಧ್ವನಿಮುದ್ರಿಸಿ, ಗುರುತು ಹಚ್ಚಿ, ಹುಡುಕಲು ಬರುವಂತೆ ಜೋಡಿಸುವುದು. ಸಣ್ಣ ಯಂತ್ರಕ್ಕೂ ಧ್ವನಿ ಒಳ್ಳೆಯ ಜೊತೆಗಾರ. ಓಪಸ್ ಎಂಬ ಮಾದರಿಯಲ್ಲಿ ಸೆಕೆಂಡಿಗೆ 24 ಕಿಲೋಬಿಟ್‌ನಂತೆ ಕುಗ್ಗಿಸಿದ ಒಂದು ನಿಮಿಷದ ಮಾತು 180 ಕಿಲೋಬೈಟ್ ಮಾತ್ರ. ಟೈಪ್ ಮಾಡಲು ಬೇಸರಪಡುವ ಹಿರಿಯರನ್ನು ತಾಣದೊಳಗೆ ತರಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಪ್ರಕಟಣೆಯ ಸಾಧನ ಸ್ವಂತದ್ದಿರಬೇಕು ಎಂಬ ವಿಚಾರ ವಿಜಯಪುರದಲ್ಲಿ ಹಳೆಯದು. ಇಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಸಂಗ್ರಹಿಸಿದ ವಚನಗಳ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ ಅಚ್ಚು ಹಾಕದೆ ಹಿಂತಿರುಗಿಸಿತು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಹಳಕಟ್ಟಿಯವರು ಮುಂದೆ ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ, ಅದರ ಹಿಂದೆಯೇ ‘ನವಕರ್ನಾಟಕ’ ಹೊರಬಂದವು. ಪ್ರೆಸ್ ಕೊಳ್ಳುವುದಕ್ಕಿಂತ ಅದನ್ನು ನಡೆಸಿಕೊಂಡು ಹೋಗುವುದೇ ಕಷ್ಟವಾಗಿತ್ತು ಎಂಬುದನ್ನು ಅವರ ಜೀವನ ಓದಿದವರೆಲ್ಲ ಬಲ್ಲರು.

ಸರ್ವರಿನ ಕತೆಯೂ ಅಷ್ಟೆ. ಹಾಕಲು ಒಂದು ಸಂಜೆ ಸಾಕು. ಆಮೇಲೆ ಅದನ್ನು ನೋಡಿಕೊಳ್ಳುವ ಅಡ್ಮಿನ್ ಬೇಕು. ಭದ್ರತೆಯ ಅಪ್‌ಡೇಟ್ ಬಂದಾಗ ಹಾಕುವುದು, ಡೊಮೈನ್ ಬಾಡಿಗೆ ತುಂಬುವುದು, ಜಗಳ ಹತ್ತಿದಾಗ ಬಿಡಿಸುವುದು ಇವೆಲ್ಲ ಅವರ ಪಾಲಿಗೆ. ಬೇರೆಯವರ ಬರಹಕ್ಕೆ ಜಾಗ ಕೊಡುವವರು ಭಾರತದ ಕಾನೂನಿನಲ್ಲಿ ಮಧ್ಯವರ್ತಿಗಳು. 2021ರ ಐಟಿ ನಿಯಮಗಳಲ್ಲಿ 50 ಲಕ್ಷ ಬಳಕೆದಾರರನ್ನು ಮೀರಿದ ತಾಣಗಳಿಗೆ ಹೆಚ್ಚಿನ ಹೊಣೆಗಳಿವೆ. ಬಳಕೆಯ ನಿಯಮಗಳನ್ನು ಪ್ರಕಟಿಸುವುದು, ದೂರು ಕೇಳುವವರ ಹೆಸರು ತಿಳಿಸುವುದು ಸಣ್ಣ ತಾಣಗಳಿಗೂ ತಪ್ಪದು. ಹಾಗಾಗಿ ಹೊಸ ಖಾತೆಗಳನ್ನು ಅಡ್ಮಿನ್ ಒಪ್ಪಿದ ಮೇಲೆಯೇ ತೆರೆಯುವ ಏರ್ಪಾಡನ್ನು ಚಾಲ್ತಿಯಲ್ಲಿಡುವುದು ಕ್ಷೇಮ. ಒಬ್ಬರ ಬದಲು ಇಬ್ಬರು ಅಡ್ಮಿನ್ ಇದ್ದರೆ ಮದುವೆ, ಜಾತ್ರೆ, ಪರೀಕ್ಷೆಗಳ ಕಾಲದಲ್ಲಿ ತಾಣ ಅನಾಥವಾಗದು.

ಬ್ಯಾಕಪ್ ವಿಷಯದಲ್ಲಿ ಸಣ್ಣ ತಾಣಕ್ಕೆ ಒಂದು ಅನುಕೂಲವಿದೆ. ಎಸ್‌ಕ್ಯೂಲೈಟ್ ಕಡತ, ಚಿತ್ರಗಳ ಫೋಲ್ಡರ್, ಸೆಟ್ಟಿಂಗ್ಸ್ ಕಡತ ಇವು ಮೂರೇ ಇಡೀ ತಾಣ. ಓಡುತ್ತಿರುವ ಡೇಟಾಬೇಸನ್ನು ಹಾಗೆಯೇ ನಕಲು ಮಾಡಿದರೆ ಅರೆಬರೆ ಕಡತ ಸಿಗಬಹುದಾದ್ದರಿಂದ ಎಸ್‌ಕ್ಯೂಲೈಟ್‌ನ ಬ್ಯಾಕಪ್ ಆದೇಶವನ್ನೇ ಬಳಸಬೇಕು. ಪ್ರತಿ ಖಾತೆಯ ಗುರುತನ್ನು ಸಾಬೀತುಪಡಿಸುವ ಗುಪ್ತ ಕೀಲಿಗಳೂ ಅದೇ ಕಡತದಲ್ಲಿರುತ್ತವೆ. ಅವು ಹೋದರೆ ಅದೇ ಹೆಸರಿನಲ್ಲಿ ಮತ್ತೆ ತಾಣ ಎಬ್ಬಿಸಿದರೂ ಬೇರೆ ಸರ್ವರ್‌ಗಳು ನಂಬುವುದಿಲ್ಲ. ತಿಕೋಟಾದ ಬ್ಯಾಕಪ್ ಬಬಲೇಶ್ವರದ ಯಂತ್ರದಲ್ಲಿ, ಅಲ್ಲಿಯದು ನಗರದಲ್ಲಿ, ನಗರದ್ದು ತಿಕೋಟಾದಲ್ಲಿ ಇರುವಂತೆ ಗೂಢಲಿಪಿಯಲ್ಲಿ ಕಳಿಸಿಟ್ಟರೆ ಮೂರೂ ಕಡೆಗೂ ಭದ್ರ. ತಾಣವನ್ನು ಮುಚ್ಚಲೇಬೇಕಾಗಿ ಬಂದರೆ ಮೊದಲೇ ತಿಳಿಸಿ, ಬಳಕೆದಾರರು ಬೇರೆ ಸರ್ವರಿಗೆ ಖಾತೆ ಸಾಗಿಸಲು ಕೆಲವು ವಾರ ಕಾಲ ಕೊಡಬೇಕು. ಹಿಂಬಾಲಕರು ಹೊಸ ವಿಳಾಸಕ್ಕೆ ಜತೆಯಲ್ಲೇ ಬರುತ್ತಾರೆ. ಹಳೆಯ ಪೋಸ್ಟ್‌ಗಳು ಬರುವುದಿಲ್ಲ, ಬೇಕಾದವರು ಅವನ್ನು ಮೊದಲೇ ಇಳಿಸಿಕೊಳ್ಳಬೇಕು.