ಚಿತ್ರವಿದೆ, ಹೆಸರಿಲ್ಲ

ಹಳೆಯ ಛಾಯಾಚಿತ್ರಗಳನ್ನೂ ಕೈಯಿಂದ ಬರೆದ ಚಿತ್ರಗಳನ್ನೂ ಅಂತರ್ಜಾಲದ ಮೂಲಕ ಸರ್ವರಿಗೂ ಒದಗಿಸುವ ಕಾರ್ಯವನ್ನು ದೊಡ್ಡ ಗ್ರಂಥಾಲಯಗಳು ಕೈಗೊಂಡಿರುವುದು ಸ್ತುತ್ಯವಾದುದೇ ಸರಿ. ಆದರೆ ತೆರೆದಿಟ್ಟ ಮಾತ್ರಕ್ಕೆ ಚಿತ್ರವು ಆ ನಾಡಿನವರ ಕೈಸೇರಿತೆಂದು ಭಾವಿಸಲಾಗದು. ಹುಡುಕುವವನು ಹೆಸರು ಹಿಡಿದು ಹುಡುಕುತ್ತಾನೆ. ಸೂಚಿಯಲ್ಲಿ ಹೆಸರೇ ಕೆಟ್ಟಿದ್ದರೆ ಚಿತ್ರವು ಇದ್ದೂ ಇಲ್ಲದಂತೆಯೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳ ವಿಷಯದಲ್ಲಿ ಇದು ಸ್ಪಷ್ಟವಾಗಿ ತೋರುತ್ತದೆ.

ಈ ಮೂರೂ ಇಂದು ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಆ ಜಿಲ್ಲೆಯಾದುದು 1997ರಲ್ಲಿ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದು ಮೈಸೂರು ಸಂಸ್ಥಾನದೊಳಗೆ ಉಳಿಯಿತು. ಹನೂರನ್ನೊಳಗೊಂಡ ಕೊಳ್ಳೇಗಾಲವಾದರೋ 1956ರ ನವೆಂಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದುದರಿಂದ ಬಿಳಿಗಿರಿರಂಗನ ಬೆಟ್ಟದ ಹಳೆಯ ಚಿತ್ರವನ್ನು ಮೈಸೂರಿನ ಕಟ್ಟಿನಲ್ಲಿಯೂ, ಮಲೆಮಹದೇಶ್ವರ ಬೆಟ್ಟದ್ದನ್ನು ಕೊಯಮತ್ತೂರಿನ ಕಟ್ಟಿನಲ್ಲಿಯೂ ಅರಸಬೇಕಾಗಿದೆ. ಇಂದಿನ ಜಿಲ್ಲೆಯ ಹೆಸರನ್ನು ಮಾತ್ರ ಬಲ್ಲವನಿಗೆ ಎರಡೂ ದೊರೆಯವು.

ಹೆಸರುಗಳ ಬರೆವಣಿಗೆಯ ತೊಡಕು ಬೇರೆ. ಕೊಳ್ಳೇಗಾಲವನ್ನು ಆಂಗ್ಲೇಯರು ಒಮ್ಮೆ ಸಿ ಅಕ್ಷರದಿಂದಲೂ ಒಮ್ಮೆ ಕೆ ಅಕ್ಷರದಿಂದಲೂ ಆರಂಭಿಸಿದರು. 1878ರಲ್ಲಿ ಪ್ರಕಟವಾದ ಸ್ಯಾಂಡರ್ಸನ್ನರ ಗ್ರಂಥದಲ್ಲಿ ನಮ್ಮ ಬಿಳಿಗಿರಿರಂಗನು 'ಬಿಲ್ಲಿಗ ರಂಗನ್' ಆದನು. 1909ರ ಥರ್ಸ್ಟನ್ನರ ಸಂಪುಟಗಳಲ್ಲಿ ಸೋಲಿಗರು 'ಶೋಲಗ'ರಾದರು. ಅಂತಹ ಗ್ರಂಥಗಳಲ್ಲಿ ಜಾತಿಯ ಹೆಸರುಂಟು; ಚಿತ್ರದಲ್ಲಿ ನಿಂತ ಮನುಷ್ಯನ ಹೆಸರು ಅಪರೂಪ. ಇನ್ನು 'ಕಾವೇರಿಯ ಜಲಪಾತ'ವೆಂದಷ್ಟೇ ಬರೆದಿದ್ದರೆ ಅದು ಮಳವಳ್ಳಿಯ ಕಡೆಯ ಗಗನಚುಕ್ಕಿಯೋ ಕೊಳ್ಳೇಗಾಲದ ಕಡೆಯ ಭರಚುಕ್ಕಿಯೋ ದೂರದ ಸೂಚಿಕಾರನಿಗೆ ತಿಳಿಯುವ ಬಗೆ ಹೇಗೆ? ಕೊಳ್ಳೇಗಾಲದ ಶಾಲೆಯ ಹುಡುಗನು ನೋಡಿದೊಡನೆ ಹೇಳಿಯಾನು.

ಇದಕ್ಕೆ ಉಪಾಯವು ದುಸ್ಸಾಧ್ಯವಲ್ಲ. ಮೂಲದ ಬರೆಹವು ತಪ್ಪಾಗಿದ್ದರೂ ಅದನ್ನು ತಿದ್ದದೆ ಹಾಗೆಯೇ ಇಡತಕ್ಕದ್ದು. ಅದೂ ಚರಿತ್ರೆಯ ಸಾಕ್ಷ್ಯ. ಅದರ ಪಕ್ಕದಲ್ಲಿ ಕನ್ನಡದ ಹೆಸರು, ಅಂದಿನ ಆಡಳಿತ, ಇಂದಿನ ಗ್ರಾಮ ಮತ್ತು ತಾಲ್ಲೂಕು, ಈ ಮೂರನ್ನೂ ಬರೆಯತಕ್ಕದ್ದು. ಛಾಯಾಚಿತ್ರದ ಹಿಂಬದಿಯನ್ನೂ ಪ್ರತಿಮಾಡಬೇಕು. ತಾರೀಖು, ಕರ್ತೃವಿನ ಹೆಸರು ಅನೇಕ ವೇಳೆ ಅಲ್ಲಿಯೇ ಇರುವುವು. ಗುರುತು ಹೇಳಿದವರ ಹೆಸರನ್ನು ಅವರ ಒಪ್ಪಿಗೆಯ ಮೇಲೆ ದಾಖಲಿಸಬೇಕು. ಸೋಲಿಗರ ಚಿತ್ರಗಳನ್ನಂತೂ ಸೋಲಿಗರ ಮುಂದಿರಿಸಿಯೇ ವಿವರ ಬರೆಯತಕ್ಕದ್ದು. ತಮ್ಮ ಕುಲಗಳ ಪವಿತ್ರ ಸ್ಥಳಗಳನ್ನು ಸಂಶೋಧಕರೊಡನೆ ನಡೆದು ನಕಾಶೆಗೆ ಏರಿಸಿದವರು ಅವರು. ಆ ಕಾಡಿನ ಹೆಸರುಗಳನ್ನು ಅವರಿಗಿಂತ ಬಲ್ಲವರಾರು?

ವಿದೇಶದ ಕಪಾಟನ್ನೇ ನಂಬಿ ಕೂರಲೂ ಆಗದು. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಗಣಕಜಾಲದ ಮೇಲೆ ದುಷ್ಟರ ದಾಳಿಯಾಗಿ, ಅದರ ಮುಖ್ಯ ಸೂಚಿಯು 2024ರ ಜನವರಿಯವರೆಗೆ ಓದುಗರಿಗೆ ದೊರೆಯಲಿಲ್ಲ. ಬಳಿಕವೂ ಅಪೂರ್ಣವಾಗಿಯೇ ಮರಳಿತು. ಭಾರತದ ಅಸಂಖ್ಯ ಚಿತ್ರಗಳು ಅಲ್ಲಿಯೇ ಇವೆ. ಅವುಗಳ ಪ್ರತಿಯೊಂದು ಇಲ್ಲಿಯೂ ಇರುವುದು ವಿವೇಕ. ಶಕ್ತಿ ನಮ್ಮಲ್ಲಿಲ್ಲವೆಂದು ಹೇಳುವಂತಿಲ್ಲ. 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಪ್ರತಿಮಾಡಿ ಸಾರ್ವಜನಿಕರಿಗೆ ಒದಗಿಸುತ್ತ ಬಂದಿದೆ. ಶಿಲೆಗೆ ಆದುದು ಚಿತ್ರಕ್ಕೇಕೆ ಆಗಬಾರದು?

ಕಾಲವಾದರೋ ನಮಗಾಗಿ ಕಾಯುವುದಿಲ್ಲ. 1956ಕ್ಕೆ ಹಿಂದಿನ ಕೊಳ್ಳೇಗಾಲದ ಬೀದಿಯನ್ನು ಕಣ್ಣಾರೆ ಕಂಡವರು ಇಂದು ಎಂಬತ್ತರ ಆಚೀಚೆಯ ವೃದ್ಧರು. ಅವರ ನೆನಪಿನಲ್ಲಿರುವುದನ್ನು ಯಾವ ಯಂತ್ರವೂ ಮುಂದೆ ತಂದುಕೊಡಲಾರದು. ರಾಜ್ಯದ ಪತ್ರಾಗಾರ ಇಲಾಖೆಯವರೂ ಸಂಶೋಧನ ಗ್ರಂಥಾಲಯಗಳವರೂ ಚಿತ್ರಗಳೊಡನೆ ಈ ಮೂರು ತಾಲ್ಲೂಕುಗಳಿಗೆ ಬರಲಿ; ಊರಿನ ಉಪಾಧ್ಯಾಯರೂ ಮಹನೀಯರೂ ಹಿರಿಯರನ್ನು ಕೂಡಿಸಿ ಸಹಕರಿಸಲಿ. ಮನೆಗಳ ಪೆಟ್ಟಿಗೆಯಲ್ಲಿರುವ ಹಳೆಯ ಚಿತ್ರಗಳನ್ನು ಪ್ರತಿಮಾಡಲು ಕೊಟ್ಟು ಮೂಲವನ್ನು ಮನೆಯಲ್ಲಿಯೇ ಉಳಿಸಿಕೊಳ್ಳಲಿ. ಇಷ್ಟನ್ನು ಈಗಲೇ ಆರಂಭಿಸಬೇಕೆಂದು ನಾವು ಒತ್ತಾಯಪೂರ್ವಕವಾಗಿ ಸೂಚಿಸುತ್ತೇವೆ.